ಇದ್ದಂಗ ಒಂದು ಫೋಟೋ

ಗಿರಾಕಿಗಳು ಫೋಟೋ ವಾಪಸ್ ತಂದು ಮೇಜಿನ ಮೇಲೆ ಎಸೆಯುವುದು ನನಗೆ ಹೊಸದಲ್ಲ. ಕಣ್ಣು ಮುಚ್ಚಿ ಬಂದಿದೆ, ಕೊರಳಿನ ಸರ ಕಾಣಿಸುತ್ತಿಲ್ಲ, ಅಳಿಯನನ್ನು ಮೂಲೆಗೆ ನಿಲ್ಲಿಸಿದ್ದೀರಿ ಎಂಬಂಥ ತಕರಾರು ಹುಮನಾಬಾದಿನ ನನ್ನ ಸ್ಟುಡಿಯೋದಲ್ಲಿ ವಾರಕ್ಕೊಂದು ಇದ್ದದ್ದೇ. ಆದರೆ ಫೋಟೋ ಬಹಳ ಚಂದ ಬಂದಿದೆ ಎಂದು ಜಗಳಕ್ಕೆ ಬಂದವರು ಈ ಅಕ್ಕೋರು ಒಬ್ಬರೇ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವುದು ರೂಢಿ. ಇವರು ದುಬಲಗುಂಡಿಯವರು, ಮನ್ನಾಏಖೇಳ್ಳಿಯ ಶಾಲೆಯಲ್ಲಿ ನೌಕರಿ. ದಿನಾ ಬೆಳಿಗ್ಗೆ ಹುಮನಾಬಾದಿಗೆ ಬಂದು ಬಸ್ ಬದಲಿಸಿ ಹೋಗುವವರು. ಎರಡು ತಿಂಗಳ ಹಿಂದೆ ವರನ ಕಡೆಗೆ ಕಳಿಸಲಿಕ್ಕೆಂದು ನಾನೇ ತೆಗೆದುಕೊಟ್ಟಿದ್ದ ಫೋಟೋವನ್ನು ಅಂದು ಮೇಜಿನ ಗಾಜಿನ ಮೇಲಿಟ್ಟು, ನನ್ನ ಕಡೆಗೆ ತಿರುಗಿಸಿದರು.

"ಇದು ಯಾರ ಫೋಟೋ ರೀ ಅಣ್ಣಾರ?"

"ನಿಮ್ದೇ ಅದಲ್ರಿ ಅಕ್ಕೋರ."

"ನಂದೇನು? ಜರಾ ಬರೋಬ್ಬರಿ ನೋಡ್ರಿ. ಫೋಟೋನೂ ನೋಡ್ರಿ, ನನ್ನೂ ನೋಡ್ರಿ."

ನೋಡಿದೆ. ಫೋಟೋದಲ್ಲಿದ್ದವಳು ಹಾಲಿನಲ್ಲಿ ಅದ್ದಿ ತೆಗೆದಂತಿದ್ದಳು. ಎದುರಿಗೆ ನಿಂತವರದು ಎರೆಹೊಲದ ಬಣ್ಣ, ಸಿಟ್ಟಿನಿಂದ ಇನ್ನಷ್ಟು ಗಾಢವಾಗಿತ್ತು. ಕಣ್ಣು ಮಾತ್ರ ಎರಡೂ ಕಡೆ ಒಂದೇ.

"ಮೊನ್ನಿ ಉದಗೀರ ಕಡೆಯವರು ನನ್ನ ನೋಡಾಕ ಬಂದಿದ್ರು. ಚಹಾದ ತಾಟ ಹಿಡ್ಕೊಂಡು ನಾ ಹೊರಗ ಬಂದೆ. ಹುಡುಗನ ಸೋದರತ್ತಿ ನನ್ನ ಮುಖಾ ನೋಡಿ ನಮ್ಮಪ್ಪಗ ಏನ್ ಕೇಳಿದ್ಲು ಗೊತ್ತದೇನು? 'ಇಕಿ ಚಹಾ ತಂದಾಳ, ಹುಡುಗಿ ಎಲ್ಲಿ?' ಅಂದ್ಲು. ಹತ್ತು ಮಂದಿ ಮುಂದ. ನಮ್ಮಪ್ಪ ತೆಳಗ ಮಾರಿ ಹಾಕಿ ಕುಂತಿದ್ದ."

ಆ ಬಿಳುಪು ನನ್ನದೇ ಕೈಕೆಲಸ. ರೀಲಿನ ಕಾಲದಲ್ಲಿ ಪೌಡರ್ ಬಳಿದು ಬೆಳಕು ಹೆಚ್ಚಿಸಿ ಮಾಡುತ್ತಿದ್ದುದನ್ನು, ಕಂಪ್ಯೂಟರ್ ಬಂದ ಮೇಲೆ ಗಿಂಪ್ ಎಂಬ ತಂತ್ರಾಂಶದಲ್ಲಿ ಒಂದು ಗೆರೆ ಎಳೆದು ಮಾಡುತ್ತಿದ್ದೆ. ಗೆರೆಯ ನಡುಭಾಗವನ್ನು ಮೇಲಕ್ಕೆ ಜಗ್ಗಿದರೆ ಮುಖ ಬೆಳ್ಳಗಾಗುತ್ತದೆ. ಯಾರೂ ಕೇಳಬೇಕಾಗಿರಲಿಲ್ಲ, ಹೆಣ್ಣಿನ ಫೋಟೋ ಅಂದರೆ ಕೈ ತಾನೇ ಆ ಗೆರೆಯ ಕಡೆ ಹೋಗುತ್ತಿತ್ತು. "ಹುಮನಾಬಾದದಾಗ ತೆಗ್ಸಿದ್ರ ಕಾಗಿನೂ ಹಂಸ ಆಗ್ತದ" ಎಂದು ಚಿಟಗುಪ್ಪದ ತನಕ ಹೆಸರು ಮಾಡಿದ್ದೆ. ಆ ಹೆಸರಿನ ಬಗ್ಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

"ಈಗ ಬಸವಕಲ್ಯಾಣದ ಕಡೆಯಿಂದ ಒಂದು ಬಂದದ. ಹುಡುಗಂದು ಬಿತ್ತನಿ ಬೀಜದ ಅಂಗಡಿ ಅದ. ಫೋಟೋ ಕೇಳ್ಯಾರ. ನಾ ಇದ್ದಂಗ ತೆಗೀರಿ. ಒಂದು ಗುಂಜಿ ಬೆಳ್ಳಗಾಗಬಾರ್ದು, ಒಂದು ಗುಂಜಿ ಕರ್ರಗಾಗಬಾರ್ದು. ಒಂದೇ ಸಲ ಕೂಡ್ತೇನಿ. ಇದೂ ಹಂಗೇ ಆತಂದ್ರ ಮುಂದ ಯಾರ ಮುಂದನೂ ತಾಟ ಹಿಡ್ಕೊಂಡು ಬರಂಗಿಲ್ಲ. ನಮ್ಮಪ್ಪಗೂ ಹೇಳೇನಿ."

ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ಹಳೆಯ ಫೋಟೋ ಗಾಜಿನ ಮೇಲೆಯೇ ಉಳಿಯಿತು.

ಇದ್ದ ಹಾಗೆ ತೆಗೆಯುವುದೇನು ಮಹಾ ಎಂದುಕೊಂಡೆ. ಮಾಡುವುದನ್ನು ಮಾಡದಿದ್ದರೆ ಆಯಿತಲ್ಲ! ಹಾಗಂದುಕೊಂಡಿದ್ದೇ ನನ್ನ ಮೊದಲ ದಡ್ಡತನ. ಆ ಸಂಜೆ ಪರೀಕ್ಷೆಗೆಂದು ನನ್ನ ಹೆಂಡತಿಯ ಫೋಟೋ ತೆಗೆದು, ಏನನ್ನೂ ಮುಟ್ಟದೆ ನೋಡಿದೆ. ಆಕೆಯೂ ಬೆಳ್ಳಗೆ ಬಂದಿದ್ದಳು. ಕ್ಯಾಮರಾ ತನ್ನೊಳಗೇ ಬಣ್ಣ, ಬೆಳಕು ಎಲ್ಲವನ್ನೂ ತಿದ್ದಿ ತೀರ್ಮಾನಿಸಿ ಕೊಡುತ್ತಿತ್ತು. ನನಗಿಂತ ಮುಂಚೆ ಅದೇ ಪೌಡರ್ ಹಚ್ಚುತ್ತಿತ್ತು ಅನ್ನಿ.

ಬಸವಕಲ್ಯಾಣದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಸರ್ ಒಬ್ಬರು ನನಗೆ ಪರಿಚಯ. ಗಿರಾಕಿಗಳು ತಂದ ಪೆನ್‌ಡ್ರೈವುಗಳಿಂದ ವೈರಸ್ ಹೊಕ್ಕು ನನ್ನ ಕಂಪ್ಯೂಟರಿನಲ್ಲಿ ಎರಡು ಮದುವೆಗಳ ಫೋಟೋ ಹಾಳಾದಾಗ, ಅವರೇ ಬಂದು ಎಲ್ಲ ಅಳಿಸಿ ಲಿನಕ್ಸ್ ಹಾಕಿಕೊಟ್ಟಿದ್ದರು. ಫೋನು ಮಾಡಿ ಕಷ್ಟ ಹೇಳಿಕೊಂಡೆ.

"ಕ್ಯಾಮರಾದಾಗ ರಾ ಅಂತ ಒಂದು ಅದ ನೋಡ್ರಿ. ಅದರಾಗ ತೆಗೀರಿ" ಅಂದರು. "ನೀವು ದಿನಾ ತೆಗಿಯೋ ಜೆಪೆಗ್ ಅಂದ್ರ ಸುಟ್ಟ ರೊಟ್ಟಿ. ರಾ ಅಂದ್ರ ಹಿಟ್ಟು. ಹಿಟ್ಟು ಕೈಯಾಗಿದ್ರ ರೊಟ್ಟಿ ಹ್ಯಾಂಗ ಬೇಕೋ ಹಂಗ ಬಡೀಬಹುದು."

ಕ್ಯಾಮರಾದ ಜೊತೆ ಬಂದಿದ್ದ ಸಿ.ಡಿ.ಯಲ್ಲಿ ಆ ಹಿಟ್ಟನ್ನು ತೆರೆಯುವ ತಂತ್ರಾಂಶವೇನೋ ಇತ್ತು. ಆದರೆ ಅದು ಲಿನಕ್ಸಿನಲ್ಲಿ ಓಡುವುದಿಲ್ಲ. "ಅದರ ಚಿಂತಿ ಬಿಡ್ರಿ, ನಮ್ಮ ಕಡೆ ಬ್ಯಾರೆ ಅವ. ಯಾವುದು ನಿಮ್ಮ ಕೈಗೆ ಹೊಂದ್ತದ ಅಂತ ಕುಂತು ನೋಡೋಣು. ಮೊದಲು ತೆಗ್ಕೊಂಡು ಬರ್ರಿ" ಅಂದರು ಸರ್.

ಎರಡು ದಿನ ಬಿಟ್ಟು ಅಕ್ಕೋರು ಅಪ್ಪನನ್ನು ಕರೆದುಕೊಂಡು ಬಂದರು. ಅಪ್ಪನಿಗೆ ದುಬಲಗುಂಡಿಯಲ್ಲಿ ಕಿರಾಣಿ ಅಂಗಡಿ, ಊರವರೆಲ್ಲ ಸಾವ್ಕಾರ್ ಎನ್ನುತ್ತಾರೆ. ಆಗ ತಾನೇ ಲಿಂಗಪೂಜೆ ಮುಗಿಸಿ ಬಂದವರಂತೆ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ದಪ್ಪಗೆ ಎದ್ದು ಕಾಣುತ್ತಿತ್ತು. ಆ ಉದಗೀರದ ಮಾತು ನಾಟಿದ್ದು ಮಗಳಿಗಿಂತ ಅವರಿಗೇ ಹೆಚ್ಚೇನೋ, ನನ್ನ ಮುಖ ನೋಡದೆ ಗೋಡೆಯ ಫೋಟೋಗಳನ್ನೇ ನೋಡುತ್ತಾ ಕುಳಿತರು.

ದೊಡ್ಡ ದೀಪಗಳನ್ನು ಹಚ್ಚಲಿಲ್ಲ. ಕಿಟಕಿಯ ಬೆಳಕೇ ಸಾಕು ಎಂದು ಸ್ಟೂಲನ್ನು ಅಲ್ಲಿಗೆ ಸರಿಸಿದೆ. ಆದರೆ ಎದುರಿನ ಅಂಗಡಿಗೆ ಹಸಿರು ಬಣ್ಣ ಬಳಿದಿದ್ದರು, ಅದರ ಛಾಯೆ ಒಳಗೆ ಬೀಳುತ್ತಿತ್ತು. ಇಂಥ ಬೆಳಕಿನಲ್ಲಿ ಬಿಳಿ ಯಾವುದು ಎಂದು ಕ್ಯಾಮರಾಕ್ಕೆ ಮೊದಲೇ ತೋರಿಸಿಕೊಡಬೇಕು, ಉಳಿದ ಬಣ್ಣಗಳನ್ನೆಲ್ಲ ಅದು ಆ ಬಿಳಿಯಿಂದ ಅಳೆಯುತ್ತದೆ. ಬಿಳಿಯ ಹಾಳೆ ಅಥವಾ ಬಿಳಿಯ ಬಟ್ಟೆ ತೋರಿಸಿ ಎಂದು ಕ್ಯಾಮರಾದ ಪುಸ್ತಕದಲ್ಲಿತ್ತು. ಸ್ಟುಡಿಯೋದ ಹಾಳೆಗಳೆಲ್ಲ ಹಳದಿ ತಿರುಗಿದ್ದವು. ಹಿಂದೆಯೇ ಮನೆ. ಹೋಗಿ, ಅಂದೇ ಮಡಿಕೆ ಮಾಡಿಟ್ಟಿದ್ದ ನನ್ನ ಧೋತರ ತಂದೆ. ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಕ್ಯಾಮರಾದ ತುಂಬ ಅದನ್ನೇ ತೋರಿಸಿ ಬಿಳಿ ಹೇಳಿಕೊಟ್ಟೆ.

ಅಕ್ಕೋರು ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದರು. ಬೆಳಕು ನೋಡಲಿಕ್ಕೆಂದು ಸಾವ್ಕಾರರನ್ನು ಸ್ಟೂಲಿನ ಮೇಲೆ ಕೂಡಿಸಿ ಒಂದು ತೆಗೆದೆ.

"ನಂದ್ಯಾಕ ತೆಗೀತೀರಿ? ನನಗ ಯಾರು ಹೆಣ್ಣ ಕೊಡ್ತಾರ ಇನ್ನ?" ಎಂದು ಸಾವ್ಕಾರ್ ಗೊಣಗಿದರು. ಅವತ್ತು ಅವರು ಆಡಿದ ಮಾತು ಅದೊಂದೇ. ಮಗಳು ಫಕ್ಕನೆ ನಕ್ಕರು. ಆ ನಗು ಮುಖದಲ್ಲಿ ಇರುವಾಗಲೇ ಅವರನ್ನು ಸ್ಟೂಲಿಗೆ ಕರೆದು ನಾಲ್ಕು ತೆಗೆದುಕೊಂಡೆ.

ಅವರು ಹೋದ ಮೇಲೆ ಕ್ಯಾಮರಾದ ಹಿಂದಿನ ಪುಟ್ಟ ಪರದೆಯಲ್ಲಿ ನೋಡಿದೆ. ಹುಡುಗಿ ಅರಿಶಿನ ಮೆತ್ತಿಕೊಂಡು ಕುಳಿತ ಹಾಗಿತ್ತು. ಕಂಪ್ಯೂಟರಿನಲ್ಲಿ ರಾ ತೆರೆಯದಿದ್ದರೂ ಅದರ ಪುಟ್ಟ ನಮೂನೆ ಕಾಣುತ್ತಿತ್ತು, ಅದೂ ಹಳದಿ. ಫೋನು ಮಾಡಿ, ಇನ್ನೊಮ್ಮೆ ಕೂಡ್ತೀರೇನು ಅಂತ ಕೇಳಿದೆ. ಅಕ್ಕೋರಿಗೆ ಆ ವಾರ ಪೂರ್ತಿ ಬಸವಕಲ್ಯಾಣದಲ್ಲಿ ಶಿಕ್ಷಕರ ತರಬೇತಿ ಇತ್ತು. ಆದರೆ ಕಾರಣ ಅದಲ್ಲ.

"ಒಂದ್ಸಲ ಕೂಡ್ತೇನಿ ಅಂದಿದ್ದೆ, ಕೂತೇನಿ. ನಾ ಕೂತಿದ್ದು ಖರೇ ಅದ. ನೀವು ತೋರ್ಸೋದು ಖೊಟ್ಟಿ ಆಗ್ಯಾದ. ನಿಮ್ಮ ಕಡೆ ಸುಧಾರ್ಸ್ಕೋರಿ" ಎಂದು ಇಟ್ಟುಬಿಟ್ಟರು.

ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಆ ಮಾತಿನಲ್ಲಿ ತಪ್ಪು ಎಲ್ಲಿತ್ತು? ಬಂದ ಸಿಟ್ಟನ್ನು ನುಂಗಿಕೊಂಡು, ಐದೂ ರಾ ಫೈಲುಗಳನ್ನು ಸಿ.ಡಿ.ಗೆ ಬರೆದುಕೊಂಡು ಮರುದಿನ ಬಸವಕಲ್ಯಾಣದ ಬಸ್ ಹತ್ತಿದೆ.

ಸರ್ ಕಾಲೇಜಿನ ಲ್ಯಾಬಿನಲ್ಲಿ ಒಂದೇ ಕಂಪ್ಯೂಟರಿನಲ್ಲಿ ಮೂರು ತಂತ್ರಾಂಶ ಸಿದ್ಧ ಮಾಡಿಟ್ಟಿದ್ದರು. ಒಂದು ಡಿಸಿರಾ. ಅದಕ್ಕೆ ಕಿಟಕಿಯೂ ಇಲ್ಲ, ಗುಂಡಿಯೂ ಇಲ್ಲ. ಕಪ್ಪು ಪರದೆಯ ಮೇಲೆ ಅಕ್ಷರಗಳಲ್ಲಿ ಆಜ್ಞೆ ಬರೆಯಬೇಕು, ಅದು ಕೆಲಸ ಮಾಡಿ ಚಿತ್ರ ಕಕ್ಕುತ್ತದೆ. ಎರಡನೆಯದು ಯುಎಫ್‌ರಾ. ಇದು ಒಳಗೆ ಡಿಸಿರಾದ ಬುದ್ಧಿಯನ್ನೇ ಇಟ್ಟುಕೊಂಡು ಹೊರಗೆ ಕಿಟಕಿ, ಪಟ್ಟಿ, ಗುಂಡಿ ಕೊಟ್ಟಿತ್ತು. ನನ್ನ ಗಿಂಪಿನ ಜೊತೆಗೂ ಕೂಡಿಕೊಳ್ಳುತ್ತಿತ್ತು. ಮೂರನೆಯದು ನೋಡಲಿಕ್ಕೆ ಎಲ್ಲಕ್ಕಿಂತ ಚಂದ. ಆಗಿನ್ನೂ ಎಳೆಯ ಕೂಸು, ಆದ್ದರಿಂದ ಹೆಸರು ಹೇಳುವುದಿಲ್ಲ.

ಡಿಸಿರಾ ಬಗ್ಗೆ ಸರ್ ಹೇಳಿದ್ದನ್ನು ಕೇಳಿ ನಾನು ಬೆರಗಾದೆ. ಯಾವುದೋ ದೂರದೇಶದಲ್ಲಿ ಒಬ್ಬ ಮನುಷ್ಯ ಕುಳಿತು, ಕಂಪನಿಗಳು ಗುಟ್ಟಾಗಿ ಇಟ್ಟುಕೊಂಡ ಒಂದೊಂದೇ ಕ್ಯಾಮರಾದ ರಾ ಫೈಲನ್ನು ಬಿಡಿಸಿ, ಓದುವ ದಾರಿ ಬರೆದು, ಎಲ್ಲರೂ ತಗೊಳ್ಳಿ ಎಂದು ಇಟ್ಟಿದ್ದಾನೆ. ನಾನು ಸೆಕೆಂಡ್ ಹ್ಯಾಂಡ್ ಕೊಂಡ ಕ್ಯಾಮರಾದ ಹೆಸರೂ ಅವನ ಪಟ್ಟಿಯಲ್ಲಿತ್ತು. ಹುಮನಾಬಾದ್ ಎಲ್ಲಿದೆ ಎಂದು ಅವನಿಗೇನು ಗೊತ್ತು? ನಾನಾದರೋ ಪೌಡರಿನ ಡಬ್ಬಿ ಯಾವ ಅಂಗಡಿಯದು ಎಂಬುದನ್ನೂ ಪಕ್ಕದ ಸ್ಟುಡಿಯೋದವನಿಗೆ ಹೇಳುವವನಲ್ಲ.

"ಖಾಲಿ ಚಂದ ನೋಡಿ ಆರಿಸಬ್ಯಾಡ್ರಿ" ಅಂದರು ಸರ್. "ಮೂರಕ್ಕೂ ಒಂದೇ ಫೈಲ್ ಕೊಡೋಣು. ಯಾವುದು ಖರೇ ಹೇಳ್ತದ ನೋಡೋಣು."

ಕೊಟ್ಟೆವು. ಮೂರನೆಯದು ತೆರೆದ ಕೂಡಲೇ ನಮ್ಮನ್ನು ಕೇಳದೆ ಬೆಳಕು ಏರಿಸಿಬಿಟ್ಟಿತು. ನನ್ನಂಥದ್ದೇ ಒಂದು ಅಂತ ಅದನ್ನು ಬದಿಗಿಟ್ಟೆ. ಆದರೆ ಬಣ್ಣದ ವಿಷಯದಲ್ಲಿ ಮೂರೂ ಒಂದೇ. ಹಳದಿ, ಹಳದಿ, ಹಳದಿ!

"ಮೂರಕ್ಕೂ ಬಣ್ಣದ ಲೆಕ್ಕ ಬರಂಗಿಲ್ಲ ಕಾಣ್ತದ ಸರ್" ಅಂದೆ.

ಸರ್ ನಕ್ಕರು. "ಮೂರು ಸಾಕ್ಷಿ ಒಂದೇ ಮಾತ ಹೇಳ್ಯಾವಂದ್ರ ಸಾಕ್ಷಿ ಸುಳ್ಳಲ್ರಿ. ಕುಣಿಲಾರದವಳಿಗೆ ನೆಲಾ ಡೊಂಕು ಅಂದಂಗ ಮಾಡಬ್ಯಾಡ್ರಿ." ಹಾಗೆಂದು ಡಿಸಿರಾಕ್ಕೆ ಇನ್ನೊಂದು ಆಜ್ಞೆ ಕೊಟ್ಟರು. ಚಿತ್ರ ಬರಲಿಲ್ಲ, ಒಂದಿಷ್ಟು ಅಂಕಿಗಳು ಬಂದವು. ಕೆಂಪು, ಹಸಿರು, ನೀಲಿಗಳನ್ನು ಎಷ್ಟೆಷ್ಟು ಹೆಚ್ಚಿಸಬೇಕೆಂದು ಕ್ಯಾಮರಾ ತಾನೇ ಬರೆದಿಟ್ಟುಕೊಂಡ ಅಂಕಿಗಳಂತೆ. ಸರ್ ಪರದೆಯ ಮೇಲೆ ಬೆರಳಿಟ್ಟರು.

"ನೀಲಿ ನೋಡ್ರಿ, ಎಷ್ಟು ಇಳಿಸ್ಯಾದ. ನೀವು ಬೆಳ್ಳಗಿಂದು ಅಂತ ಅದಕ್ಕ ಏನೋ ನೀಲಿ ತೋರ್ಸೀರಿ. ಅದು ಪಾಪ, ನಿಮ್ಮ ಮಾತು ನಂಬಿ ನೀಲಿ ಕಡಿಮಿ ಮಾಡ್ಯಾದ. ನೀಲಿ ಕಡಿಮಿ ಆದ್ರ ಹಳದಿ ಏಳ್ತದ."

"ಬಿಲ್‌ಕುಲ್ ಬೆಳ್ಳನ ಧೋತರ ತೋರ್ಸೇನ್ರಿ ಸರ್. ಹಾಲಿನಂಥಾದ್ದು."

"ಬೆಳ್ಳಗಿರೋದೆಲ್ಲಾ ಹಾಲಲ್ರಿ" ಅಂದರು ಸರ್.

ಮನೆಗೆ ಬಂದವನೇ ಹೆಂಡತಿಯನ್ನು ಕೇಳಿದೆ, ಆ ಧೋತರಕ್ಕೆ ಏನು ಹಾಕಿದ್ದೆ ಅಂತ.

"ಏನ್ ಹಾಕ್ಲಿ? ನೀಲಿ ಹಾಕೀನಿ. ನೀಲಿ ಹಾಕ್ಲಾರ್ದ ಧೋತರ ಬೆಳ್ಳಗ ಆಗ್ತಾವೇನು? ನಿಮಗ ಬೆಳ್ಳಗ ಬೇಕಂತ ನಾಕು ಹನಿ ಜಾಸ್ತಿನೇ ಹಾಕೀನಿ."

ಅಯ್ಯೋ ನನ್ನ ಬುದ್ಧಿಯೇ! ನೀಲಿಯ ಬಾಟಲಿಯನ್ನು ತಂದುಕೊಡುವವನೇ ನಾನು. ಒಣಹಾಕಿದ ಧೋತರಗಳ ಕೆಳಗೆ ದಿನಾ ಹಾದುಹೋಗುವವನು ನಾನು. ಬಿಳಿ ಎಂದರೆ ಒಂದು ತೊಟ್ಟು ನೀಲಿ ಎಂದು ನಮ್ಮ ಕಣ್ಣು ಯಾವಾಗಲೋ ಒಪ್ಪಿಕೊಂಡುಬಿಟ್ಟಿದೆ. ಕ್ಯಾಮರಾ ಒಪ್ಪಿಕೊಂಡಿರಲಿಲ್ಲ. ಹಣೆ ಚಚ್ಚಿಕೊಳ್ಳುತ್ತಾ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ.

"ಅದಕ್ಯಾಕ ನನಗ ಸಿಟ್ಟು ಮಾಡ್ತೀರಿ? ಮಂದಿ ಮುಖಕ್ಕ ನೀವು ಹಚ್ತೀರಿ, ಧೋತರಕ್ಕ ನಾ ಹಚ್ತೇನಿ. ಇಬ್ಬರ್ದೂ ಒಂದೇ ದಂಧೆ" ಅಂದಳು ಆಕೆ, ಭಾಂಡೆ ತಿಕ್ಕುತ್ತಾ.

ನಾನು ಸ್ಟುಡಿಯೋಗೆ ಹೋಗಿ ಕಂಪ್ಯೂಟರ್ ಹಚ್ಚಿದೆ.

ತಪ್ಪು ಗೊತ್ತಾಯಿತು, ತಿದ್ದುವುದು ಹೇಗೆ? ಹಿಟ್ಟು ಕೈಯಲ್ಲಿತ್ತು, ಬಿಳಿ ಯಾವುದೆಂದು ಈಗಲೂ ಹೊಸದಾಗಿ ಹೇಳಬಹುದಿತ್ತು. ಆದರೆ ಅದಕ್ಕೆ ಫೋಟೋದ ಒಳಗೇ ಖರೇ ಬಿಳಿ ವಸ್ತು ಒಂದು ಬೇಕು. ಅಕ್ಕೋರ ಸೀರೆ ಕುಂಕುಮ ಬಣ್ಣದ್ದು, ರವಿಕೆ ಹಸಿರು, ಹಿಂದಿನ ಪರದೆ ಕಂದು. ಹಲ್ಲು, ಕಣ್ಣಿನ ಬಿಳಿ ಎರಡನ್ನೂ ನಂಬುವಂತಿಲ್ಲ, ಅವುಗಳಲ್ಲೂ ಹಳದಿ ಕೆಂಪು ಇರುತ್ತದೆ. ಸರ್ ಸಿ.ಡಿ.ಯಲ್ಲಿ ಕೊಟ್ಟಿದ್ದ ತಂತ್ರಾಂಶಗಳಲ್ಲಿ ಬಿಸಿಲು, ನೆರಳು ಎಂಬ ಸಿದ್ಧ ಅಳತೆಗಳನ್ನು ಹಾಕಿ ನೋಡಿದೆ. ಒಂದರಲ್ಲಿ ಮುಖ ಬೂದಿಯಾಯಿತು, ಇನ್ನೊಂದರಲ್ಲಿ ಇಟ್ಟಂಗಿಯಾಯಿತು. ಎದುರಂಗಡಿಯ ಹಸಿರು ಯಾವ ಅಳತೆಗೂ ಬಗ್ಗಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಕನ್ನಡಿಯ ಮುಂದೆ ನಿಂತು ವಿಭೂತಿ ಹಚ್ಚಿಕೊಳ್ಳುತ್ತಿದ್ದೆ. ಮೂರು ಬೆರಳು ಹಣೆಯ ಮೇಲೆಯೇ ನಿಂತವು. ವಿಭೂತಿಗೆ ಯಾರೂ ನೀಲಿ ಹಾಕುವುದಿಲ್ಲ! ಮತ್ತು ಐದು ಫೈಲುಗಳಲ್ಲಿ ಒಂದು ಸಾವ್ಕಾರರದು. ಅದೇ ಸ್ಟೂಲು, ಅದೇ ಕಿಟಕಿ, ಅದೇ ಹಸಿರು ಛಾಯೆ, ಹಣೆಯ ತುಂಬ ದಪ್ಪ ವಿಭೂತಿ. ದಿನಾ ಹಣೆಗೆ ಹಚ್ಚಿಕೊಳ್ಳುವುದನ್ನು ಬಿಟ್ಟು ಊರೆಲ್ಲ ಬಿಳಿ ಹುಡುಕಿದ್ದೆನಲ್ಲ, ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ವಿಭೂತಿಯ ಗಟ್ಟಿಯನ್ನು ಜೇಬಿಗೆ ಹಾಕಿಕೊಂಡು ಮತ್ತೆ ಬಸವಕಲ್ಯಾಣಕ್ಕೆ ಓಡಿದೆ.

ಸರ್ ಕೂಡಲೇ ಒಪ್ಪುವ ಆಸಾಮಿ ಅಲ್ಲ. "ಭಕ್ತಿ ಬ್ಯಾರೆ, ಬಣ್ಣ ಬ್ಯಾರೆ. ವಿಭೂತಿ ಬರೋಬ್ಬರಿ ಬೆಳ್ಳಗ ಅದ ಅಂತ ಏನ್ ಗ್ಯಾರಂಟಿ?" ಅಂದರು. ಲ್ಯಾಬಿನ ಹೊರಗಿನ ಕಟ್ಟೆಯ ಮೇಲೆ ಬಿಸಿಲಿನಲ್ಲಿ ನಾಲ್ಕು ವಸ್ತು ಸಾಲಾಗಿ ಇಡಿಸಿದರು. ಕರಿಹಲಗೆಯ ಸೀಮೆಸುಣ್ಣ, ನನ್ನ ವಿಭೂತಿ ಗಟ್ಟಿ, ಹೊಸ ಬಿಳಿ ಹಾಳೆ, ಮತ್ತು ನಾನು ಉಟ್ಟಿದ್ದ ಧೋತರದ ಚುಂಗು. ಧೋತರದ ಚುಂಗಿಗಾಗಿ ನಾನೂ ಕಟ್ಟೆಗೆ ಒತ್ತಿಕೊಂಡು ನಿಲ್ಲಬೇಕಾಯಿತು, ಹಾದುಹೋಗುವ ವಿದ್ಯಾರ್ಥಿಗಳು ಕಿಸಿಕಿಸಿ ನಗುತ್ತಿದ್ದರು. ನಾಲ್ಕನ್ನೂ ಒಂದೇ ಫೋಟೋದಲ್ಲಿ ತೆಗೆದು ಅಂಕಿ ನೋಡಿದೆವು. ಸೀಮೆಸುಣ್ಣ ಮತ್ತು ವಿಭೂತಿ ಅಕ್ಕತಂಗಿಯರ ಹಾಗೆ ಒಂದೇ ಮಾತು ಹೇಳಿದವು. ಹಾಳೆ ಸ್ವಲ್ಪ ನೀಲಿ, ಧೋತರವಂತೂ ಪೂರಾ ನೀಲಿ.

ಸರ್ ಗಟ್ಟಿಯನ್ನು ಎತ್ತಿಕೊಂಡು, ಕಣ್ಣಿಗೊತ್ತಿಕೊಂಡು, ನನ್ನ ಕೈಗೆ ಕೊಟ್ಟರು. "ಪಾಸ್" ಅಂದರು.

ಯಾವ ತಂತ್ರಾಂಶ ಎಂಬ ಪ್ರಶ್ನೆ ಆಗ ತಾನಾಗಿಯೇ ಬಗೆಹರಿಯಿತು. ಖರೇ ಹೇಳುವುದರಲ್ಲಿ ಡಿಸಿರಾ ಗುರು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ನನ್ನ ಕೈ ಬ್ರಷ್ ಹಿಡಿದ ಕೈ, ಕಣ್ಣಿನಲ್ಲಿ ನೋಡುತ್ತಾ ಕೆಲಸ ಮಾಡಬೇಕು. ಯುಎಫ್‌ರಾದಲ್ಲಿ ಚಿತ್ರದ ಮೇಲೆ ಮೌಸಿನಿಂದ ಒಂದು ಪುಟ್ಟ ಚೌಕ ಎಳೆದು, ಇದು ಬಿಳಿ ಎಂದು ಗುಂಡಿ ಒತ್ತಿದರೆ ಸಾಕು. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿತ್ತು. ಒಂದು ಚಿತ್ರಕ್ಕೆ ಮಾಡಿದ ಅಳತೆಯನ್ನು ಬೇರೆ ಫೈಲಿನಲ್ಲಿ ಬರೆದಿಟ್ಟು, ಇನ್ನೊಂದು ಚಿತ್ರಕ್ಕೆ ಹಾಗೆಯೇ ಹಾಕಬಹುದಿತ್ತು. ಮೂಲ ರಾ ಫೈಲಿಗೆ ಒಂದು ಗೀರೂ ಬೀಳುವುದಿಲ್ಲ. ನನ್ನ ಹಳೆಯ ಪದ್ಧತಿಯಲ್ಲಿ ಒಮ್ಮೆ ಬೆಳ್ಳಗೆ ಮಾಡಿದ ಮುಖವನ್ನು ಮತ್ತೆ ಮೊದಲಿನಂತೆ ಮಾಡಲು ದೇವರಿಂದಲೂ ಆಗುತ್ತಿರಲಿಲ್ಲ.

ಸಾವ್ಕಾರರ ಫೋಟೋ ತೆರೆದೆ. ಹಣೆಯ ನಡುವಿನ ಪಟ್ಟೆಯಲ್ಲಿ, ಎಲ್ಲಿ ವಿಭೂತಿ ಅತಿ ದಪ್ಪವಾಗಿತ್ತೋ ಅಲ್ಲಿ, ಅಕ್ಕಿಕಾಳಿನಷ್ಟು ಚೌಕ ಎಳೆದು ಗುಂಡಿ ಒತ್ತಿದೆ. ಸಾವ್ಕಾರರ ಮುಖದಿಂದ ಹಳದಿ ಇಳಿದುಹೋಯಿತು. ಆ ಅಳತೆಯನ್ನು ಉಳಿಸಿಕೊಂಡು ಮಗಳ ಫೋಟೋಕ್ಕೆ ಹಾಕಿದೆ.

ಏನು ಹೇಳಲಿ! ಎರೆಹೊಲದ ಬಣ್ಣ ಅಂದೆನಲ್ಲ, ಮಳೆ ಬಿದ್ದ ಮರುದಿನದ ಎರೆಹೊಲ ಅದು. ಕುಂಕುಮದ ಸೀರೆ ಆ ಬಣ್ಣದ ಪಕ್ಕದಲ್ಲಿ ಉರಿಯುತ್ತಿತ್ತು. ಅಪ್ಪನ ಮಾತಿಗೆ ಬಂದ ನಗು ತುಟಿಯ ಕೊನೆಯಲ್ಲಿ ಇನ್ನೂ ಇತ್ತು. ಇಪ್ಪತ್ತು ವರ್ಷ ಹೆಣ್ಣುಮಕ್ಕಳ ಫೋಟೋ ತೆಗೆದವನು ನಾನು, ಇಂಥ ಚಂದದ ಮುಖ ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ. ಎಷ್ಟು ಮುಖಗಳ ಮೇಲೆ ಸುಣ್ಣ ಬಳಿದುಬಿಟ್ಟೆ ಎಂದು ನನಗೆ ನಿಜಕ್ಕೂ ನಾಚಿಕೆಯಾಯಿತು.

ಬಣ್ಣ ಸರಿಯಾಯಿತು, ಇನ್ನು ಬೆಳಕು. ಇದಕ್ಕೆ ವಿಭೂತಿ ಸಾಲದು, ಎದುರಿಗೆ ಅಕ್ಕೋರೇ ಬೇಕೆಂದು ಫೋನು ಮಾಡಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಕ್ಕೋರು ತರಬೇತಿಯ ಜಾಗದಿಂದ ನಡೆದು ಬಂದರು. ಪರದೆ ನೋಡಿ, ಕುರ್ಚಿ ಎಳೆದುಕೊಂಡು ಕುಳಿತು, ಬಳೆ ಹಿಂದಕ್ಕೆ ಸರಿಸಿ, ಕೈಯನ್ನು ಪರದೆಯ ಪಕ್ಕಕ್ಕೆ ಹಿಡಿದರು. ಒಂದು ಕಡೆ ಫೋಟೋದ ಕೆನ್ನೆ, ಇನ್ನೊಂದು ಕಡೆ ನಿಜದ ಕೈ. ನಾನು ಬೆಳಕಿನ ಪಟ್ಟಿಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ಹೋದೆ. ಒಂದು ಕಡೆ ಎರಡೂ ಒಂದಾದವು.

"ನಿಂದರ್ಸ್ರಿ" ಅಂದರು ಅಕ್ಕೋರು.

ನಿಲ್ಲಿಸಿದೆ. ಅವರು ಸರ್ ಕಡೆ ತಿರುಗಿ ಏನೋ ಕೇಳುತ್ತಿದ್ದರು. ಅಷ್ಟರಲ್ಲಿ ನನ್ನ ಕೈ, ದೇವರಾಣೆ ನಾನು ಹೇಳಿದ್ದಲ್ಲ, ತಾನೇ ಹೋಗಿ ಪಟ್ಟಿಯನ್ನು ಒಂದಿಷ್ಟು ಮೇಲೆ ತಳ್ಳಿತು. ಒಂದೇ ಒಂದಿಷ್ಟು. ಪಾಪ, ಹೆಣ್ಣುಮಗಳು, ಮದುವೆ ಕೂಡಿಬರಲಿ ಎಂದು ಒಳಗಿನ ಯಾವುದೋ ಮೂಲೆ ಹೇಳಿರಬೇಕು.

"ಕೈ ತೆಗೀರಿ ಅಣ್ಣಾರ" ಅಂದರು ಅವರು, ಈ ಕಡೆ ತಿರುಗದೆಯೇ. ಪರದೆಯ ಬೆಳಕು ಹೆಚ್ಚಾದದ್ದು ಅವರ ಕೈಯ ಮೇಲೆಯೇ ಗೊತ್ತಾಗಿತ್ತು. "ನಾ ಇರೋದು ಮೊದಲು ನಿಂದರ್ಸಿದಲ್ಲೇ. ಅದರಕಿಂತ ಮ್ಯಾಲೆ ಬ್ಯಾರೆ ಯಾರೋ ಅದಾರ."

ಪಟ್ಟಿಯನ್ನು ಹಿಂದಕ್ಕೆ ಎಳೆದು, ಮೌಸಿನಿಂದ ಕೈ ತೆಗೆದು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು, ಏನೂ ಮಾಡದೆ ಕೂಡುವುದು. ಸರ್ ಫೈಲನ್ನು ಉಳಿಸಿದರು.

ಪ್ರಿಂಟ್ ಹಾಕಿಸಲು ಕಲಬುರಗಿಯ ಲ್ಯಾಬಿಗೆ ಹೋದರೆ ಅಲ್ಲಿಯ ಆಪರೇಟರ್ ಈ ಚಾಳಿಯಲ್ಲಿ ನನ್ನ ತಮ್ಮನೇ. ನೋಡುನೋಡುತ್ತಿದ್ದ ಹಾಗೆ ಎರಡು ಗುಂಡಿ ಕುಟ್ಟಿ ಅಕ್ಕೋರನ್ನು ಮತ್ತೆ ಹಾಲಿಗೆ ಅದ್ದಿ ತೆಗೆದ. "ಏನ್ರಿ, ಕರ್ರಗ ಬಿಟ್ಟಿದ್ರಿ, ನಾ ಸುಧಾರ್ಸೇನಿ" ಎಂದು ಮೇಲೆ ಉಪಕಾರ ಬೇರೆ. ಆ ಪ್ರಿಂಟನ್ನು ಅವನ ಮುಂದೆಯೇ ಹರಿದೆ. ಏನೂ ಮಾಡಬೇಡ ಮಾರಾಯಾ, ಬಂದದ್ದನ್ನು ಬಂದ ಹಾಗೆ ಬಿಡು ಎಂದು ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತೆ. ಎರಡನೆಯದು ಸರಿಯಾಗಿ ಬಂತು.

ಫೋಟೋ ಬಸವಕಲ್ಯಾಣಕ್ಕೆ ಹೋಯಿತು. ಮುಂದಿನ ಭಾನುವಾರ ಬರುತ್ತೇವೆ ಎಂದು ಅವರ ಕಡೆಯಿಂದ ಸುದ್ದಿ ಬಂತು. ಸಾವ್ಕಾರ್ ಸ್ವತಃ ಸ್ಟುಡಿಯೋಗೆ ಬಂದು, "ನೀವೂ ಬರಬೇಕ್ರಿ. ಈ ಸಲ ಏನರೆ ಹೆಚ್ಚುಕಡಿಮಿ ಆತಂದ್ರ ತೆಳಗ ಮಾರಿ ಹಾಕಾಕ ನಾ ಒಬ್ನೇ ಇರಬಾರ್ದು" ಅಂದರು. ನಗಲಿಕ್ಕೆ ಹೇಳಿದ್ದಲ್ಲ ಅದು.

ದುಬಲಗುಂಡಿಯ ಆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದೆ. ವರನ ಕಡೆಯವರು ಐದು ಮಂದಿ ಜಮಖಾನೆಯ ಮೇಲೆ. ಇಲ್ಲಿಯೂ ಒಬ್ಬ ಸೋದರತ್ತೆ, ಕೈಯಲ್ಲಿ ನಾನು ತೆಗೆದ ಫೋಟೋ. ಅಕ್ಕೋರು ಚಹಾದ ತಾಟ ಹಿಡಿದು ಬಂದರು. ಅದೇ ಕುಂಕುಮದ ಸೀರೆ. ಒಬ್ಬೊಬ್ಬರಿಗೂ ಚಹಾ ಕೊಟ್ಟು ಅತ್ತೆಯ ಮುಂದೆ ಬಂದಾಗ ಆಕೆ ಚಹಾ ತೆಗೆದುಕೊಳ್ಳಲಿಲ್ಲ. ಫೋಟೋ ನೋಡಿದಳು, ಮುಖ ನೋಡಿದಳು. "ಜರಾ ಬಾಗಲದ ಕಡಿ ಬಾರವ್ವಾ" ಎಂದು ಬೆಳಕಿಗೆ ಕರೆದು ಮತ್ತೆ ನೋಡಿದಳು. ಸಾವ್ಕಾರ್ ಜಮಖಾನೆಯ ದಾರ ಕೀಳುತ್ತಿದ್ದರು.

"ಹೌದು, ಇಕಿನೇ" ಅಂದಳು ಅತ್ತೆ. ಫೋಟೋವನ್ನು ಚೀಲಕ್ಕೆ ಹಾಕಿಕೊಂಡು ಚಹಾ ಎತ್ತಿಕೊಂಡಳು. ಸಾವ್ಕಾರರು ತಲೆ ಎತ್ತಿದರು.

ನಾನು ಉಸಿರು ಬಿಡುವುದಕ್ಕೂ ಅಕ್ಕೋರು ಖಾಲಿ ತಾಟನ್ನು ಕೆಳಗಿಡುವುದಕ್ಕೂ ಸರಿಹೋಯಿತು. ಅವರು ಸೆರಗಿನ ಒಳಗಿಂದ ಒಂದು ಫೋಟೋ ತೆಗೆದರು. ವರನ ಕಡೆಯವರು ಕಳಿಸಿದ್ದು, ಬೇರೆ ಊರಿನ ಸ್ಟುಡಿಯೋದ್ದು. ಅದರಲ್ಲಿದ್ದ ಹುಡುಗ ಬೆಣ್ಣೆಯ ಮುದ್ದೆಯಂತಿದ್ದ, ತುಟಿಗೆ ಗುಲಾಬಿ ಬಣ್ಣ. ಜಮಖಾನೆಯ ಮೇಲೆ ಕುಳಿತವನೋ, ಬಿಸಿಲಿನಲ್ಲಿ ಬೀಜದ ಚೀಲ ಹೊತ್ತು ಅಕ್ಕೋರಿಗಿಂತ ಎರಡು ಬಣ್ಣ ಗಾಢವಾಗಿದ್ದ. ಅಕ್ಕೋರು ಫೋಟೋವನ್ನೂ ಅವನನ್ನೂ ನಿಧಾನವಾಗಿ ನೋಡಿ, ಅತ್ತೆಯ ಕಡೆ ತಿರುಗಿದರು.

"ಚಹಾ ಇವರು ಕುಡುದ್ರು. ಹುಡುಗ ಎಲ್ಲಿ ಅದಾನ್ರಿ?"

ಮೊದಲು ನಕ್ಕವನು ಆ ಹುಡುಗನೇ. ಎಂಥ ನಗು ಅಂದರೆ ಕೈಯಲ್ಲಿದ್ದ ಬಟ್ಟಲು ಕುಲುಕಿ ಚಹಾ ಜಮಖಾನೆಯ ಮೇಲೆ ಚೆಲ್ಲಿತು. "ನಾ ಹೇಳಿಲ್ಲೇನು ಅತ್ತಿ, ಆ ಫೋಟೋ ಕಳಿಸಬ್ಯಾಡ ಅಂತ!" ಆಮೇಲೆ ಅತ್ತೆ ನಕ್ಕಳು. ಸಾವ್ಕಾರರು ಎಲ್ಲರಿಗಿಂತ ತಡವಾಗಿ ನಕ್ಕು, ನಕ್ಕು, ಟವೆಲಿನಿಂದ ಕಣ್ಣೊರೆಸಿಕೊಂಡರು. ನಗು ನಿಂತ ಮೇಲೆ ಅಕ್ಕೋರು, "ನನ್ನ ಕಡೆಯಿಂದ ಆಗ್ಬಹುದು. ಆದ್ರ ಮೊದಲು ಇವರು ಖರೇ ಫೋಟೋ ಒಂದು ಕಳಿಸ್ಲಿ" ಎಂದು ತಾಟ ಎತ್ತಿಕೊಂಡು ಒಳಗೆ ಹೋದರು.

ಬುಧವಾರ ಬಾಗಿಲು ತೆರೆಯುವ ಮುಂಚೆಯೇ ಆ ಹುಡುಗ ಸ್ಟುಡಿಯೋದ ಮೆಟ್ಟಿಲ ಮೇಲೆ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ. ಒಳಗೆ ಬಂದವನು ಕನ್ನಡಿಯ ಕೆಳಗಿನ ಡಬ್ಬಿಯನ್ನು ನೋಡಿ ಸಂಕೋಚದಿಂದ ಕೇಳಿದ.

"ಪೌಡರ್ ಹಚ್ಕೋಬೇಕೇನ್ರಿ?"

"ಬ್ಯಾಡ್ರಿ" ಅಂದೆ. "ಹಿಂದ ನಮ್ಮ ಮನಿ ಅದ. ಹಣಿಗೆ ದಪ್ಪಗ ವಿಭೂತಿ ಹಚ್ಕೊಂಡು ಬರ್ರಿ."